ನೀಲವ್ವನ ಖಾನಾವಳಿ ಮತ್ತು ಉಪವಾಸದ ಕಲೆ

ನಿನ್ನೆ ನೀಲವ್ವನ ಖಾನಾವಳಿಗೆ ಹೋಗಿದ್ದೆ. ರೊಟ್ಟಿಬುಟ್ಟಿಯ ಮೇಲಿನ ಗೋಡೆಯಲ್ಲಿ ‘ದಯವಿಟ್ಟು ಮುಟ್ಟಬೇಡಿ’ ಎಂಬ ಫಲಕ ಇನ್ನೂ ತೂಗುತ್ತಿದೆ. ಅದು ರೊಟ್ಟಿಗೆ ಸಂಬಂಧಿಸಿದ್ದೆಂದು ತಿಳಿದ ಹೊಸಬರು ಬಡಿಸುವವರೆಗೆ ಕೈಕಟ್ಟಿ ಕೂರುತ್ತಾರೆ. ನಿಜಕ್ಕೂ ಅದು ಒಬ್ಬ ಹುಡುಗಿಗೆ ಸಂಬಂಧಿಸಿದ್ದು.

ನೀವು ಆಗ ಕೊಪ್ಪಳದಲ್ಲಿ ಇರಲಿಲ್ಲವೆಂದರೆ ಹೇಳುತ್ತೇನೆ. ನಮ್ಮೂರಿಗೊಮ್ಮೆ ದೊಡ್ಡ ಕಲಾಮೇಳ ಬಂದಿತ್ತು. ತಗ್ಗುಗಳ ಜೊತೆ ನಾವು ಹೊಂದಿಕೊಂಡು ಬಾಳುತ್ತಿದ್ದ ರಸ್ತೆಗೆ ಡಾಂಬರು ಬಿತ್ತು. ಗಂಜ್ ಮಾರುಕಟ್ಟೆಯ ಗೋಡೆಗಳಲ್ಲಿ ಬೀಜ-ಗೊಬ್ಬರದ ಜಾಹೀರಾತು ಅಳಿಸಿ ನೀಲಿ ಆನೆಗಳನ್ನು ಬರೆದರು. ಹಂದಿಗಳನ್ನು ಎಲ್ಲಿಗೋ ಕಳಿಸಿದರು. ಲಾಡ್ಜಿನವನು ಹೊಸ ಚಾದರ ಹಾಸಿದ. ಊರು ಬದಲಾಯಿತೆಂದು ನಾನು ನಂಬಿದ್ದು ಆಗಲೇ. ನಾನೂ ಆ ಬಿಸಿಲಲ್ಲಿ ಮಫ್ಲರ್ ಸುತ್ತಿಕೊಂಡು, ಅರ್ಥವಾಗದ ಚಿತ್ರಗಳೆದುರು ಗದ್ದ ಹಿಡಿದು ನಿಲ್ಲುವುದನ್ನು ಕಲಿತೆ.

ಖಾನಾವಳಿಯ ಎದುರಿನ ಹತ್ತಿ ಗೋದಾಮು ಗ್ಯಾಲರಿಯಾಯಿತು. ಅಲ್ಲಿ ದೆಹಲಿಯ ಹುಡುಗಿಯೊಬ್ಬಳು ಮಾತಿಲ್ಲದೆ, ಊಟವಿಲ್ಲದೆ ಕುರ್ಚಿಯ ಮೇಲೆ ಕುಳಿತಳು. ಪಕ್ಕದಲ್ಲಿ ಆ ಫಲಕ. ಮೇಳ ಮುಗಿಯುವ ತನಕ ಹಾಗೇ ಕೂರುವುದೇ ಅವಳ ಕಲಾಕೃತಿ.

ನೀಲವ್ವನಿಗೆ ಕಂಡದ್ದು ಬೇರೆ. ನಮ್ಮ ಕಡೆ ಉಣ್ಣದೆ ಕೂತ ಹೆಣ್ಣುಮಗಳೆಂದರೆ ಸಿಟ್ಟಾದವಳು; ಅವಳು ಉಣ್ಣುವ ತನಕ ಮನೆಯ ಹಿರಿಯಳೂ ಉಣ್ಣುವುದಿಲ್ಲ. ಮರುದಿನ ಬೆಳಿಗ್ಗೆ ನೀಲವ್ವ ರೊಟ್ಟಿ, ಬದನೆಯ ಎಣಗಾಯಿ ಹಿಡಿದು ಹೋದಳು.

“ಯಾಕವಾ, ಯಾರ ಮ್ಯಾಲ ಸಿಟ್ಟು? ಅತ್ತಿ ಏನರ ಅಂದಳೇನು?”

ಹುಡುಗಿ ಎದುರಿನ ಗೋಡೆಯನ್ನೇ ನೋಡುತ್ತಿದ್ದಳು.

“ಆತು ಬಿಡು. ನೀ ಉಣ್ಣೋಮಟ ನಾನೂ ಉಣ್ಣಂಗಿಲ್ಲ,” ಎಂದು ನೀಲವ್ವ ತಟ್ಟೆಯನ್ನು ಇಬ್ಬರ ನಡುವೆ ಇಟ್ಟು ನೆಲದ ಮೇಲೆ ಕುಳಿತುಬಿಟ್ಟಳು.

ಖಾನಾವಳಿಯ ಒಲೆ ಆರಿತು. ಗಿಣಿಗೇರಾದ ಫ್ಯಾಕ್ಟರಿಯಿಂದ ಪಾಳಿ ಮುಗಿಸಿ ಬಂದವರು ಬಾಗಿಲಲ್ಲೇ ನಿಂತರು. ಸೊಸೆ ಶಾಂತಾ ಓಡಿಬಂದಳು. “ಅತ್ತಿ, ನಿಮಗ ಸಕ್ಕರಿ ಜಡ್ಡು ಐತ್ರಿ! ಗುಳಿಗಿ ನುಂಗೀರಿ, ಹೊಟ್ಟಿಗಿ ಏನೂ ಇಲ್ಲ!”

ನಾನು ಮಫ್ಲರ್ ಸಡಿಲಿಸಿ, “ನೀಲವ್ವ, ಆಕಿಗೆ ಸಿಟ್ಟಿಲ್ಲ. ಅದು ಕಲಾ ಐತಿ,” ಎಂದು ತಿಳಿಹೇಳಿದೆ.

“ಹಸಿವಿಗೆ ಕಲಾ ಅಂತಾರೇನ್ರಿ? ಸುಮ್ಮನ ಕುಂದರ್ರಿ.”

ಕೂತೆ.

ಮಧ್ಯಾಹ್ನದ ಹೊತ್ತಿಗೆ ಜನ ಸೇರಿದರು. ಇಬ್ಬರೂ ಕೂಡಿ ಒಂದು ಕೃತಿಯೆಂದು ತಿಳಿದು ಫೋಟೋ ತೆಗೆದರು. ನೀಲವ್ವನ ಹಣೆ ಬೆವೆತು, ಕೈ ನಡುಗತೊಡಗಿತು. ನನಗೆ ಭಯವಾಯಿತು. ಆ ಕೈಯನ್ನೇ ನೋಡುತ್ತಿದ್ದ ಹುಡುಗಿ ಕುರ್ಚಿಯಿಂದ ಇಳಿದಳು. ರೊಟ್ಟಿ ಮುರಿದು ನೀಲವ್ವನ ಬಾಯಿಗೆ ಹಿಡಿದಳು. ನೀಲವ್ವ ತುಟಿ ಬಿಗಿದು ತಲೆಯಾಡಿಸಿದಳು. ಹುಡುಗಿ ಮೊದಲ ತುತ್ತು ತಾನು ತಿಂದಳು. ಆಮೇಲಷ್ಟೇ ಆ ಬಾಯಿ ತೆರೆಯಿತು. ಜನ ಚಪ್ಪಾಳೆ ತಟ್ಟಿದರು. ಶಾಂತಾ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮೇಳ ಹೋಯಿತು. ಗೋದಾಮಿಗೆ ಹತ್ತಿ ಮರಳಿತು, ರಸ್ತೆಗೆ ತಗ್ಗುಗಳು ಮರಳಿದವು, ನೀಲಿ ಆನೆಗಳ ಮೇಲೆ ಯಾರೋ ಸೆಗಣಿಯ ಕುಳ್ಳು ತಟ್ಟಿದರು. ಹುಡುಗಿ ಹೋಗುವಾಗ ಕೊಟ್ಟ ಫಲಕವನ್ನು, “ಅಕ್ಷರ ಛಲೋ ಅದಾವ,” ಎಂದು ನೀಲವ್ವ ಗೋಡೆಗೆ ಹಾಕಿಸಿದಳು.

ನೀಲವ್ವ ಹೋದ ತಿಂಗಳು ತೀರಿಕೊಂಡಳು. ಆಮೇಲೆ ನಾನು ಅಲ್ಲಿಗೆ ಹೋದದ್ದು ನಿನ್ನೆಯೇ ಮೊದಲು. ಎಣಗಾಯಿ ಎದುರಿಗೆ ಬಂತು. ಉಣ್ಣದೆ ಎದ್ದೆ. ರೊಟ್ಟಿ ಬಡಿಯುತ್ತಿದ್ದ ಶಾಂತಾ ನೋಡಿದಳು. ಉರಿಯುವ ಕಟ್ಟಿಗೆಯನ್ನು ಒಲೆಯಿಂದ ಹೊರಗೆಳೆದಳು.

“ಕುಂದರ್ರಿ. ನೀವು ಉಣ್ಣೋಮಟ ನಾನೂ ಉಣ್ಣಂಗಿಲ್ಲ.”

ಪಾಳಿ ಮುಗಿಸಿ ಬಂದವರು ಬಾಗಿಲಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕೂತು ರೊಟ್ಟಿ ಮುರಿದೆ.