ಅವ್ವ ಆರಿಸಿಟ್ಟ ಹತ್ತಿಬೀಜ

ಘಟ ಕೂರಿಸುವುದಕ್ಕೆ ಇನ್ನೆರಡು ದಿನ ಇತ್ತು. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಮಡಿಯಾಗಬೇಕೆಂದು ನಾನು ಹಿತ್ತಲಿನ ಕಲ್ಲಿನ ಮೇಲೆ ಕೌದಿ ಒಗೆಯುತ್ತಿದ್ದೆ. ಆಗ ಕಮಲಾಪುರದಿಂದ ನನ್ನ ತಮ್ಮ ಬಂದ. ಮೊದಲ ಬಸ್ಸಿಗೇ ಹೊರಟಿದ್ದನಂತೆ. ಕೈಯಲ್ಲಿ ಒಂದು ಗಂಟು, ಅದರಲ್ಲಿ ನಮ್ಮ ಹೊಲದ ಕರಿಮಣ್ಣು.

“ಸಾಕು ಬಿಡು ಅಕ್ಕಾ, ಕೌದಿ ಜೀವ ಹೋಗ್ತದ,” ಎಂದು ನಗಿಸಲು ನೋಡಿದ. ಆಮೇಲೆ ಕಟ್ಟೆಯ ಮೇಲೆ ಕುಳಿತು, “ಹತ್ತಿ ಕೆಟ್ಟದ,” ಎಂದ.

“ಹುಳ ಹತ್ಯಾವೇನು?”

“ನೀ ಪಾಕೀಟಿನ ಬೆಳಿಯಾಗ ಆರಿಸಿಕೊಟ್ಟ ಬೀಜಾನೇ ಹಾಕಿದ್ನಲ್ಲ. ಒಂದು ಗಿಡ ನನ್ನ ಎದೀಮಟ, ಒಂದು ಮೊಣಕಾಲಮಟ. ಒಂದಕ್ಕ ಹುಳ ಮುಟ್ಟಿಲ್ಲ, ಅದರ ಬಾಜೂದಕ್ಕ ಒಂದು ಕಾಯೀನೂ ಬಿಟ್ಟಿಲ್ಲ. ಒಂದೇ ತಾಯಿ ಮಕ್ಕಳಂತ ಯಾರೂ ಅನ್ನಂಗಿಲ್ಲ. ಬೀಜದ ಅಂಗಡಿಯವ ನಗ್ತಾನ. ಪಾಕೀಟಿನ ಬೀಜ ಒಂದೇ ಬೆಳಿಗಿ ಬರ್ತದ, ಅದರ ಪೀಳಿಗಿ ಅದರಂಗ ಆಗಂಗಿಲ್ಲ, ನಿಮ್ಮ ಅಕ್ಕಾರ ಕೈಗುಣ ಇಲ್ಲಿ ನಡ್ಯಂಗಿಲ್ಲ ಅಂದ.”

ನಾನು ಕೌದಿಯನ್ನು ಮತ್ತೆ ಕಲ್ಲಿಗೆ ಬಡಿದೆ.

“ಹೋಗ್ಲಿ ಬಿಡು. ಮುಂದಿನ ಮುಂಗಾರಿಗಿ, ಮಿರಗದ ಮಳಿಗಿ, ಅವ್ವನ ಜವಾರಿ ಬೀಜಾನೇ ಹಾಕ್ತೀನಿ. ಮಣ್ಣು ತಂದೀನಿ ನೋಡು. ಘಟದಾಗ ಅವ್ವನ ಬೀಜ ನಾಕು ಹಾಕು, ಮೊಳಕಿ ಹೆಂಗ ಬರ್ತದ ನೋಡಾಮು.”

ನನ್ನ ಕೈಯಲ್ಲಿದ್ದ ಕೌದಿ ಕಲ್ಲಿನಿಂದ ಜಾರಿ ಮಣ್ಣಿಗೆ ಬಿತ್ತು.

ನಮ್ಮ ಕಡೆ ನವರಾತ್ರಿಯ ಘಟದ ಬುಡಕ್ಕೆ ಹೊಲದ ಮಣ್ಣು ಹಾಕಿ, ಮನೆಯಲ್ಲಿಟ್ಟ ಬೀಜಗಳನ್ನು ಚೆಲ್ಲುತ್ತೇವೆ. ಒಂಬತ್ತು ದಿನದಲ್ಲಿ ಮೊಳಕೆ ಹೇಗೆ ಬಂತೆಂದು ನೋಡಿ ಬೀಜದ ಬಲ ತಿಳಿಯುತ್ತೇವೆ. ನಮ್ಮ ಮನೆತನದಲ್ಲಿ ಇನ್ನೊಂದು ರೂಢಿಯೂ ಇತ್ತು. ಬೀಜದ ಅರ್ಧ ತವರಿನಲ್ಲಿ, ಅರ್ಧ ಮಗಳ ಮನೆಯಲ್ಲಿ. ಒಂದು ಕಡೆ ಇಲಿ ತಿಂದರೆ, ಬೆಂಕಿ ಬಿದ್ದರೆ, ಇನ್ನೊಂದು ಕಡೆ ಉಳಿದಿರಲಿ ಎಂದು ಹಿರಿಯರು ಮಾಡಿದ್ದು. ಮದುವೆಯಾಗಿ ಕಲಬುರಗಿಗೆ ಬಂದ ವರ್ಷದಿಂದ ನನ್ನ ಅಡಿಗೆಮನೆಯ ಗೋಡೆಯ ಮಾಡಿನಲ್ಲಿ ಅವ್ವನ ಹತ್ತಿಬೀಜದ ಗಡಿಗೆ ಇತ್ತು. ಅವ್ವ ಬಿಸಿಲಲ್ಲಿ ಕುಳಿತು ಒಳ್ಳೆಯ ಕಾಯಿಗಳನ್ನೇ ಆರಿಸಿ, ಬೆರಳಿನಿಂದ ಅರಳೆ ಬಿಡಿಸಿ, ಬೀಜಕ್ಕೆ ಬೂದಿ ಸವರಿ ಇಡುತ್ತಿದ್ದಳು. ಅವಳು ತೀರಿಕೊಂಡ ವರ್ಷವೂ ಹಾಗೆ ಆರಿಸಿ ಕೊಟ್ಟು ಹೋಗಿದ್ದಳು.

ಅವಳು ಹೋದ ಮರುವರ್ಷ ಪಾಕೀಟಿನ ಬಿ.ಟಿ. ಬೀಜ ಬಂತು. ಗಿಡದೊಳಗೇ ಹುಳ ಸಾಯುವ ಗುಣ ಸೇರಿಸಿದ್ದಾರೆ ಎಂದರು. ಆ ವರ್ಷ ಹೊಲ ಬೆಳ್ಳಗೆ ಬಿರಿದಿತ್ತು. ಔಷಧ ಹೊಡೆದು ತಮ್ಮನ ಕಣ್ಣು ಉರಿಯುವುದು ತಪ್ಪಿತು. ಅಷ್ಟಾದರೂ ಆಯಿತಲ್ಲ ಎಂದು ಶರಣಬಸಪ್ಪನ ಗುಡಿಗೆ ಹೋಗಿ ಕಾಯಿ ಒಡೆಸಿದೆ. ಆ ಬೆಳೆಯಲ್ಲಿ ಒಳ್ಳೆಯ ಕಾಯಿಗಳನ್ನು ನಾನೇ ಆರಿಸಿದೆ, ಅವ್ವ ಮಾಡುತ್ತಿದ್ದಂತೆಯೇ. ಬೂದಿ ಸವರಿದೆ. ಇಡಲು ಗಡಿಗೆ ಒಂದೇ ಇತ್ತು, ಅದರಲ್ಲಿ ಅವ್ವನ ಬೀಜ.

ಅದೇ ತಿಂಗಳು ನನ್ನ ಮಗಳು ಬಾಣಂತಿಯಾಗಿ ಮನೆಗೆ ಬಂದಿದ್ದಳು. ಎದೆಹಾಲು ಕಡಿಮೆ. ಅವ್ವನ ಬೀಜವನ್ನು ಸುರುವಿ, ನಾಲ್ಕು ನೀರಿನಲ್ಲಿ ತೊಳೆದು, ನೆನೆಹಾಕಿ ರುಬ್ಬಿ, ಹಾಲು ಹಿಂಡಿ ಬೆಲ್ಲ ಹಾಕಿ ಕುದಿಸಿದೆ. ಎಂಟು ದಿನ ಕುಡಿಸಿದೆ. ಹಾಲು ಇಳಿಯಿತು, ಕೂಸು ಹೊಟ್ಟೆ ತುಂಬಿ ಮಲಗಿತು. ದೇವರು ನಡೆಸಿದ ಎಂದುಕೊಂಡೆ. ಬೀಜ ಮುಗಿಯಿತೆಂದು ಒಮ್ಮೆಯೂ ಅನ್ನಿಸಲಿಲ್ಲ. ತವರಿನಲ್ಲಿ ಇನ್ನರ್ಧ ಇದೆಯಲ್ಲ!

“ನನ್ನ ಹಂತ್ಯಾಕ ಇಲ್ಲೋ,” ಎಂದೆ. “ಬಾಣಂತಿ ಮಗಳಿಗಿ ಹಾಲು ಮಾಡಿ ಕುಡಿಸೀನಿ. ನಿನ್ನ ಪಾಲಿಂದು ತಗೊಂಡು ಬಾ.”

ಅವನು ನನ್ನನ್ನೇ ನೋಡಿದ. “ನನ್ನ ಪಾಲು ಆಗಳೇ ಎಮ್ಮಿಗಿ ಹಾಕೀನಿ. ಅಕ್ಕನ ಹಂತ್ಯಾಕ ಇದ್ದೇ ಅದ ಅಂತ.”

ಒಳಗೆ ಹೋಗಿ ಚಹಾ ತಂದೆ. ಅವನು ಬೈಯಲಿಲ್ಲ, ಚಹಾ ಬೇಡವೆನ್ನಲಿಲ್ಲ. ತೊಗರಿ ಚಲೋ ಅದ, ಊಟಕ್ಕೇನೂ ಕಡಿಮಿಲ್ಲ ಎಂದು ನನಗೇ ಸಮಾಧಾನ ಹೇಳಿದ. ಇಂಥ ತಮ್ಮನನ್ನು ಕೊಟ್ಟದ್ದೂ ದೇವರ ದಯೆಯೇ. ಏಳುವಾಗ, “ಊರಾಗ ಯಾರರೆ ಇಟ್ಟಿರ್ತಾರ, ಕೇಳ್ತೀನಿ,” ಎಂದ. ಮಣ್ಣಿನ ಗಂಟು ಬಿಟ್ಟುಹೋದ.

ಊರಲ್ಲಿ ಯಾರೂ ಇಟ್ಟಿರಲಿಲ್ಲ. ಎಲ್ಲರೂ ಬೇರೆಯವರು ಇಟ್ಟಿರುತ್ತಾರೆಂದುಕೊಂಡವರೇ. ಗುಡಿಯಲ್ಲಿ ಪಕ್ಕ ಕುಳಿತ ಹಳ್ಳಿಯ ಹೆಂಗಸರನ್ನು ವರ್ಷಗಟ್ಟಲೆ ಕೇಳಿದೆ. “ಹುಚ್ಚಿದ್ದೀಯೇನವ್ವಾ, ಅಂಗಡ್ಯಾಗ ಸಿಗ್ತದಲ್ಲ,” ಎನ್ನುತ್ತಿದ್ದರು. ಹುಳವೂ ನಾಲ್ಕಾರು ವರ್ಷಕ್ಕೆ ಪಾಕೀಟಿನ ಗಿಡವನ್ನೇ ತಿನ್ನಲು ಕಲಿಯಿತು, ಔಷಧದ ಡಬ್ಬಿ ಮತ್ತೆ ತಮ್ಮನ ಹೆಗಲೇರಿತು. ಅದಕ್ಕೆ ನನ್ನ ಬೀಜ ಕಾರಣವಲ್ಲ, ಗೊತ್ತು. ಆದರೂ ಅಡಿಗೆಮನೆಯಲ್ಲಿ ಒಬ್ಬಳೇ ಇದ್ದಾಗ ಹಿಂದೆ ಅವ್ವ ನಿಂತಂತಾಗುತ್ತದೆ. ಏನೂ ಕೇಳುವುದಿಲ್ಲ. ಮಾಡಿನ ಕಡೆ ನೋಡುತ್ತಾಳೆ, ಅಷ್ಟೆ. ನಾನು ತಿರುಗುವುದಿಲ್ಲ. ಆ ಕೂಸು ಈಗ ಗಟ್ಟಿಮುಟ್ಟಾಗಿ ಶಾಲೆಗೆ ಹೋಗುತ್ತದೆ. ಅವ್ವನಿಗೆ ತೋರಿಸಲು ನನ್ನ ಬಳಿ ಇರುವುದು ಅದೊಂದೇ.

ಅವತ್ತು ತಮ್ಮ ಓಣಿಯ ತಿರುವು ದಾಟುವ ತನಕ ಬಾಗಿಲಲ್ಲಿ ನಿಂತಿದ್ದೆ. ಎದುರುಮನೆಯಾಕೆ ಕೂಗಿದಳು: “ಅಕ್ಕಾರೀ, ನಳ ಬಂದದರೀ! ಅರ್ಧಾ ತಾಸಿಗಿ ಹೋಗ್ತದ!” ಸೆರಗು ಸಿಕ್ಕಿಸಿಕೊಂಡು ಕೊಡ ತೆಗೆದುಕೊಂಡು ನೀರು ಹಿಡಿಯಲು ಹೋದೆ.