ಸೋಮವಾರ ಚಾರ್ಜ್ ತೆಗೆದುಕೊಳ್ಳಬೇಕಿದ್ದ ಟೀಚರ್

ತೆಲಂಗಾಣ ರಾಜ್ಯ ಬಂದ ಜೂನ್ ತಿಂಗಳಲ್ಲೇ ಕರಿಬಸಯ್ಯ ಮಾಸ್ತರು ನಿವೃತ್ತರಾದರು. ಕೃಷ್ಣಾ ಸ್ಟೇಷನ್ನಿನಿಂದ ನಾಲ್ಕು ಮೈಲಿ ಆಚೆ, ಹೊಳೆದಂಡೆಯ ಹಳ್ಳಿಯ ಕನ್ನಡ ಶಾಲೆ ಅವರದು. ಊರವರು ಶಾಲು ಹೊದಿಸಿ, ಮಾಸ್ತರು ಈ ಊರನ್ನು ಎಷ್ಟು ಹಚ್ಚಿಕೊಂಡಿದ್ದರೆಂದರೆ ವರ್ಗವಾದರೂ ಬಿಟ್ಟು ಹೋಗಲಿಲ್ಲ ಎಂದು ಭಾಷಣ ಮಾಡಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿಯಿತು. ಅವರನ್ನು ಹೋಗಲು ಯಾರೂ ಬಿಡಲಿಲ್ಲ. ಬಿಡದವರಲ್ಲಿ ನಾನೂ ಒಬ್ಬಳು.

ಅವರಿಗೆ ನಾರಾಯಣಪೇಟೆಗೆ ವರ್ಗದ ಆರ್ಡರ್ ಬಂದು ಆಗಲೇ ನಾಲ್ಕು ವರ್ಷವಾಗಿತ್ತು. ಆದರೆ ಒಬ್ಬನೇ ಮೇಷ್ಟ್ರು ಇರುವ ಶಾಲೆಯಿಂದ, ಬದಲಿಗೆ ಇನ್ನೊಬ್ಬರು ಬಂದು ಚಾರ್ಜ್ ತೆಗೆದುಕೊಳ್ಳುವವರೆಗೆ ರಿಲೀವ್ ಮಾಡುವುದಿಲ್ಲ. ತೆಲುಗು ಮೇಷ್ಟ್ರುಗಳು ಬೇಕಾದಷ್ಟು. ಕನ್ನಡ ಕಲಿಸುವವರು ಯಾರು ಬರುತ್ತಾರೆ? ನಾರಾಯಣಪೇಟೆಯಲ್ಲಿ ಅವರ ಹೆಂಡತಿ ಗುರಮ್ಮ ಲಕ್ವ ಹೊಡೆದು ಎಡಗೈ, ಎಡಗಾಲು ಆಡದೆ ಮಲಗಿದ್ದರು. ಬೆಳಿಗ್ಗೆ ಪಕ್ಕದ ಮನೆಯ ಶಿವಬಸಮ್ಮ ಬಂದು ಎರಡು ರೊಟ್ಟಿ ಬಡಿದಿಟ್ಟು ಹೋಗುತ್ತಿದ್ದಳು. ಮಾಸ್ತರು ಶನಿವಾರ ಸಂಜೆ ಮಕ್ತಲದಲ್ಲಿ ಬಸ್ಸು ಬದಲಿಸಿ ಮನೆ ಮುಟ್ಟುತ್ತಿದ್ದರು, ಸೋಮವಾರ ಕೋಳಿ ಕೂಗುವ ಹೊತ್ತಿಗೆ ಮತ್ತೆ ಹೊರಡುತ್ತಿದ್ದರು.

ಎರಡು ಸಾವಿರದ ಹನ್ನೊಂದರ ಸೆಪ್ಟೆಂಬರಿನಲ್ಲಿ ಗದ್ವಾಲದಿಂದ ಮಾಸ್ತರ ಬದಲಿಗೆ ಹೊಸ ಟೀಚರಾಗಿ ಆ ಹಳ್ಳಿಗೆ ಹೋದವಳು ನಾನು, ಉಮಾಶ್ರೀ. ನನ್ನನ್ನು ಕಂಡಾಗ ಮಾಸ್ತರ ಮುಖ ಹೇಗೆ ಅರಳಿತೆಂದರೆ, ನನಗೇ ನಾಚಿಕೆಯಾಯಿತು. ಎರಡು ದಿನಕ್ಕೆ ತೆಲಂಗಾಣ ರಾಜ್ಯ ಬೇಕೆಂದು ಸಕಲ ಜನರ ಮುಷ್ಕರ ಶುರುವಾಯಿತು. ಬಸ್ಸು ನಿಂತವು, ಶಾಲೆ ಮುಚ್ಚಿತು, ನನ್ನ ನೇಮಕದ ಕಾಗದಕ್ಕೆ ದಸ್ತಖತ್ತು ಹಾಕಬೇಕಾದ ಕಚೇರಿಗೂ ಬೀಗ ಬಿತ್ತು. ಮಧ್ಯಾಹ್ನದ ಊಟದ ಅಕ್ಕಿ ಚೀಲಗಳಿದ್ದ ಕೋಣೆಯ ಕೀಲಿ ಮಾಸ್ತರ ಉಡಿಯಲ್ಲಿತ್ತು, ಅವರು ಊರು ಬಿಡುವಂತಿರಲಿಲ್ಲ. ನಾನು ಜೋಗಮ್ಮ ಎಂಬ ಮುದುಕಿಯ ಪಡಸಾಲೆಯಲ್ಲಿ ಹಾಸಿಗೆ ಹಾಕಿಕೊಂಡೆ. ಮುಂದೆ ಹೊಳೆ, ಹಿಂದೆ ಬಸ್ಸಿಲ್ಲದ ರಸ್ತೆ.

ಆ ದಿನಗಳಲ್ಲೇ ಮಾಸ್ತರು ನನಗೆ ಒಂದು ಆಟ ಕಲಿಸಿದ್ದು. ಯುರೋಪಿನ ನಕ್ಷೆಯ ಮೇಲೆ ಏಳು ರಾಜ್ಯ, ಏಳು ಜನ ಆಟಗಾರರು. ದಾಳ ಇಲ್ಲ. ಮೊದಲು ಒಬ್ಬೊಬ್ಬರನ್ನೇ ಮೂಲೆಗೆ ಕರೆದು ಮಾತುಕತೆ, ಆಮೇಲೆ ಎಲ್ಲರೂ ತಮ್ಮ ನಡೆಯನ್ನು ಗುಟ್ಟಾಗಿ ಚೀಟಿಯಲ್ಲಿ ಬರೆದು ಒಟ್ಟಿಗೆ ಬಿಚ್ಚುವುದು. ಕೊಟ್ಟ ಮಾತು ಉಳಿಯಿತೋ ಮುರಿಯಿತೋ ಆಗಲೇ ಗೊತ್ತಾಗುವುದು. ಹೀಗೆ ಎರಡು ಸಲ ನಡೆದರೆ ಆಟದ ಲೆಕ್ಕದಲ್ಲಿ ಒಂದು ವರ್ಷ. ಮಕ್ತಲದ ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ತಿಂಗಳಿಗೊಂದು ಭಾನುವಾರ ಏಳು ಜನ ಸೇರುತ್ತಿದ್ದರಂತೆ. ಒಬ್ಬರು ತೀರಿಕೊಂಡಿದ್ದರು. ಆ ಜಾಗಕ್ಕೆ ನನ್ನನ್ನು ತಯಾರು ಮಾಡುವ ಹುಮ್ಮಸ್ಸು ಅವರದು. ಶಾಲೆಯ ನಕ್ಷೆಯನ್ನು ನೆಲಕ್ಕೆ ಹಾಸಿ, ಹುಣಸೆಬೀಜವನ್ನು ದಂಡು ಮಾಡಿ, ಕವಡೆಯನ್ನು ಹಡಗು ಮಾಡಿ ಕೂರುತ್ತಿದ್ದರು. ಕೂರುವ ಮೊದಲು ಹಣೆಯ ವಿಭೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದರು.

“ಇಬತ್ತಿ ಹಚಗೊಂಡು ಸುಳ್ಳು ಹೇಳಾಕ ಬರಂಗಿಲ್ರಿ ಟೀಚರ್,” ಅಂದರು, ನಾನು ನಕ್ಕದ್ದಕ್ಕೆ.

ನನಗೆ ಆಸ್ಟ್ರಿಯಾ ಕೊಟ್ಟರು. ನಾಲ್ಕೂ ಕಡೆ ಯಾರಾದರೊಬ್ಬರು ಇರುವ, ನಡುವೆ ಸಿಕ್ಕಿಬಿದ್ದ ರಾಜ್ಯ.

“ಇದನ್ನ ಯಾಕ ಕೊಟ್ರಿ ಸರ್? ಮೊದಲ ವರ್ಷಕ್ಕ ಸಾಯ್ತೀನಿ.”

“ಇದನ್ನ ಕಲಿತ್ರ ಉಳದವೆಲ್ಲ ಸಸಾರ. ನೋಡ್ರಿ, ಬುಡಾಪೆಸ್ಟಿನ ದಂಡು ಸೆರ್ಬಿಯಾಕ್ಕ. ಅದರಾಗ ವಿಚಾರ ಮಾಡೂದು ಏನಿಲ್ಲ. ಇಟಲಿ ಕೂಡ ಮೊದಲ ಮಾತಾಡ್ರಿ, ನಮ್ಮ ಟ್ರಿಯೆಸ್ಟಿಗೆ ಬರಬ್ಯಾಡ ಅಂತ. ಇನ್ನ ರಷ್ಯಾ. ನಡುವಿನ ಗಲೀಷಿಯಾಕ್ಕ ಇಬ್ಬರೂ ಹೋಗೂಣು ಅಂತ ಅವನಿಗೆ ಹೇಳ್ರಿ. ಇಬ್ಬರೂ ಹೋದ್ರ ಯಾರಿಗೂ ಸಿಗಂಗಿಲ್ಲ, ಖಾಲಿ ಉಳಿತೈತಿ. ನಿಮ್ಮ ವಿಯೆನ್ನಾ ಬಚಾವ್.”

“ಅಂವ ಬರ್ತೀನಿ ಅಂತ ಹೇಳಿ ಬ್ಯಾರೆ ಕಡೆ ಹೋದ್ರ?”

“ಹೋಗ್ಲಿ. ನೀವು ಹೇಳಿದಂಗ ಹೋಗ್ರಿ. ಮೊದಲ ವರ್ಷ ಮಾತು ಉಳಿಸಿಕೊಂಡವರನ್ನ ಮಂದಿ ಮೂರನೇ ವರ್ಷದ ತನಕ ನಂಬ್ತಾರ.”

ರಷ್ಯಾ ಆಗಿ ಆಡುತ್ತಿದ್ದ ಅವರಿಗೆ ನಾನು ಒಮ್ಮೆ, “ಬಸವಣ್ಣನ ಆಣಿ ಸರ್, ಗಲೀಷಿಯಾಕ್ಕ ಬರ್ತೀನಿ,” ಎಂದುಬಿಟ್ಟೆ. ಮನೆಯಲ್ಲಿ ಸೊಪ್ಪಿನ ವ್ಯಾಪಾರಕ್ಕೂ ಆಣೆ ಇಡುವವರು ನಾವು. ಅವರು ನಕ್ಷೆಯಿಂದ ಕೈ ತೆಗೆದು ಬೀಜಗಳನ್ನೆಲ್ಲ ಚೀಲಕ್ಕೆ ತುಂಬಿದರು. ಅವತ್ತಿನ ಆಟ ಮುಗಿಯಿತು.

“ಆಟದಾಗ ಆಣಿ ಇಡಬಾರದ್ರಿ. ಇಟ್ರ ನೀವು ಮುರಿಯಾಕ ಬರಂಗಿಲ್ಲ, ನಾ ನಂಬದೆ ಇರಾಕ ಬರಂಗಿಲ್ಲ. ಇಬ್ಬರೂ ಸಿಕ್ಕೊಂಡ್ವಿ.”

ಅವರ ಲೆಕ್ಕ ಹಾಗಿತ್ತು. ನಕ್ಷೆಯ ಮೇಲೆ ಯಾವ ಮಾತನ್ನೂ ನಂಬುತ್ತಿರಲಿಲ್ಲ. ಅದನ್ನು ಮಡಚಿಟ್ಟ ಮೇಲೆ ಯಾರು ಏನೆಂದರೂ ನಂಬುತ್ತಿದ್ದರು.

ಒಂದು ತಿಂಗಳ ಮೇಲೆ ಬಸ್ಸು ಬಂತು. ಊರ ಮಕ್ಕಳೆಲ್ಲ ಅದರ ಹಿಂದೆ ಓಡಿದರು. ಮಾಸ್ತರು ಅವತ್ತೇ ಅಕ್ಕಿ ತೂಗಿ, ಹಾಜರಿ ಪುಸ್ತಕ, ಕುರ್ಚಿ, ನಕ್ಷೆ ಎಲ್ಲ ಬರೆದು ಚಾರ್ಜ್ ಪಟ್ಟಿ ಮಾಡಿದರು.

“ಸೋಮವಾರ ಕಚೇರಿ ತೆರೀತಾರ. ನೀವು ಚಾರ್ಜ್ ತೊಗೊಳ್ರಿ ಟೀಚರ್, ನಾ ಅವತ್ತ ಮನಿಗೆ ಹೋಗ್ತೀನಿ.”

“ಆತ್ರಿ ಸರ್, ಸೋಮವಾರ,” ಅಂದೆ.

ಅವರು ಆಣೆ ಕೇಳಲಿಲ್ಲ. ಹಾಸಿಗೆ ಪಾತ್ರೆ ತರಲು ಗದ್ವಾಲಕ್ಕೆ ಹೋಗುತ್ತೇನೆಂದು ಬಸ್ಸು ಹತ್ತಿದೆ. ಹತ್ತುವಾಗ ಅದು ಸುಳ್ಳೂ ಆಗಿರಲಿಲ್ಲ. ಆದರೆ ದಾರಿಯುದ್ದಕ್ಕೂ ಒಂದೇ ಯೋಚನೆ: ಚಾರ್ಜ್ ತೆಗೆದುಕೊಂಡ ಮೇಲೆ ಆ ಬೀಗದ ಕೀಲಿ ನನ್ನ ಉಡಿಗೆ. ನನ್ನ ಬದಲಿಗೆ ಯಾರು ಬರುತ್ತಾರೆ? ಅವರ ಹಾಗೆ ನನ್ನ ಕೂದಲೂ ಅಲ್ಲೇ ಬೆಳ್ಳಗಾಗುತ್ತದೆ. ನನಗೆ ರೋಗದ ಗಂಡನಿರಲಿಲ್ಲ, ಎಳೆ ಕೂಸಿರಲಿಲ್ಲ. ಹೆದರಿದೆ, ಅಷ್ಟೇ. ಹೆದರಿದ್ದಕ್ಕೆ ಬೇರೆ ಹೆಸರಿಡುವುದು ನನಗೆ ಆಗದು.

ನಮ್ಮ ಅಪ್ಪನ ಪರಿಚಯದ ಚಂದ್ರಯ್ಯ ಎಂಬವರು ಮೇಲಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಸೋಮವಾರ ಬೀಗ ತೆಗೆಯುವ ಹೊತ್ತಿಗೆ ನಾನು ಅವರ ಮೇಜಿನ ಮುಂದೆ ನಿಂತಿದ್ದೆ. ಎರಡು ದಿನಕ್ಕೆ ಡೆಪ್ಯುಟೇಷನ್ ಆರ್ಡರ್ ಕೈಗೆ ಬಂತು. ನಾರಾಯಣಪೇಟೆಯ ಕನ್ನಡ ಶಾಲೆಯಲ್ಲಿ ಒಂದು ಜಾಗ ಖಾಲಿ ಇದೆ, ಅಲ್ಲಿಗೆ ವರ್ಗವಾದವರು ಬಂದು ಸೇರುವವರೆಗೆ ನಾನು ಕೆಲಸ ಮಾಡಬೇಕು. ವರ್ಗವಾದವರ ಹೆಸರೂ ಅದರಲ್ಲಿತ್ತು: ಕರಿಬಸಯ್ಯ. ಅವರು ಬರುವವರೆಗೆ ನಾನು ಅವರ ಕುರ್ಚಿಯಲ್ಲಿ. ನಾನು ಹಳ್ಳಿಗೆ ಹೋಗದೆ ಅವರು ಬರುವಂತಿಲ್ಲ. ಕಚೇರಿಯಲ್ಲಿ ಒಬ್ಬರಿಗೂ ಇದು ವಿಚಿತ್ರ ಅನಿಸಲಿಲ್ಲ.

ಮುಂದಿನ ಭಾನುವಾರ ಮಾಸ್ತರು ನನ್ನ ಬಾಡಿಗೆ ಕೋಣೆಯನ್ನು ಹುಡುಕಿಕೊಂಡು ಬಂದರು. ಬೈಯಲಿ ಎಂದು ಕಾದೆ. ಹೊಸ್ತಿಲಲ್ಲೇ ನಿಂತು, ಕೊಟ್ಟ ನೀರು ಕುಡಿದರು.

“ಛಲೋ ನಡದೀರಿ ಟೀಚರ್. ಆಟದಾಗ ಆಗಿದ್ರ ಬೆನ್ನು ಚಪ್ಪರಿಸತಿದ್ದೆ.” ಲೋಟ ಕೆಳಗಿಟ್ಟು, “ಗುರಮ್ಮಗ ಸಂಜಿ ಗುಳಿಗಿ ಕೊಡಾಕ ಯಾರೂ ಇಲ್ರಿ. ನೀವು ಇಲ್ಲೇ ಇದ್ದೀರಿ. ಒಂದೀಟು ಹೋಗಿ ಬರ್ರಿ. ನೀವ ಆ ಟೀಚರ್ ಅಂತ ಆಕಿಗೆ ನಾ ಹೇಳಿಲ್ಲ,” ಅಂದರು.

ಆಗುವುದಿಲ್ಲ ಎನ್ನಲು ಯಾವ ಬಾಯಿ ಇತ್ತು ನನಗೆ? ಮರುದಿನ ಸಂಜೆ ಹೋದೆ. ಮಗ್ಗದ ಸದ್ದಿನ ಓಣಿಯಲ್ಲಿ ಒಂದೇ ಅಂಕಣದ ಮನೆ. ಗುರಮ್ಮ ಗೋಡೆಗೆ ಒರಗಿ ಬಾಗಿಲ ಕಡೆಗೇ ನೋಡುತ್ತಿದ್ದರು. ಮಾಸ್ತರು ಕಳಿಸಿದ್ದಾರೆ ಎಂದೆ. ಗುಳಿಗೆ ಬಾಯಿಗಿಟ್ಟು ನೀರು ಕುಡಿಸಿದೆ. ತುಟಿಯ ಎಡಗಡೆಯಿಂದ ನೀರು ಸೋರಿತು, ಸೆರಗಿನಿಂದ ಒರೆಸಿದೆ.

“ನೀನೂ ಟೀಚರ್ ಏನವ್ವಾ?”

“ಹೌದ್ರಿ ಅಮ್ಮಾ.”

“ನಮ್ಮವರ ಸಾಲಿಗೆ ಹೊಸ ಟೀಚರ್ ಬಂದಾಳಂತ ಫೋನ್ ಮಾಡಿದ್ರು. ಆಕಿ ಚಾರ್ಜ್ ತೊಗೊಂಡ್ರ ಬರ್ತಾರಂತ. ಆಕಿ ನಿನಗ ಗೊತ್ತೇನು? ಯಾವಾಗ ತೊಗೋತಾಳಂತ?”

“ತೊಗೋತಾಳ್ರಿ,” ಅಂದೆ.

“ತಡ ಮಾಡಾಕ ಹತ್ತ್ಯಾಳ. ಏನೋ ಅಡಚಣಿ ಇರ್ತೈತಿ ಪಾಪ, ಹೆಣ್ಮಗಳು.” ಆಡುವ ಬಲಗೈಯಿಂದ ನನ್ನ ಮುಂಗೈ ಹಿಡಿದುಕೊಂಡರು. “ನಾಳೆ ಬರ್ತಿಯಲ್ಲ?”

ಹೋದೆ. ಮಾಸ್ತರು ನಿವೃತ್ತರಾಗುವವರೆಗೆ ಎರಡೂವರೆ ವರ್ಷ ದಿನಾ ಸಂಜೆ ಹೋದೆ, ಆ ಟೀಚರ್ ಯಾವಾಗ ಚಾರ್ಜ್ ತೆಗೆದುಕೊಳ್ಳುತ್ತಾಳೆಂದು ದಿನಾ ಕೇಳಿದರು.