ಕೂಗಿದ ಬೆಲೆ, ತೂಗಿದ ಬೆಲೆ

ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಇಪ್ಪತ್ತು ವರ್ಷ ಬಿಸಿನೀರಿನಲ್ಲಿ ಕೈಯಾಡಿಸಿ ರೇಷ್ಮೆ ಗೂಡಿನಿಂದ ಎಳೆ ಎತ್ತಿದ ಬೆರಳುಗಳು ಅವು. ತುದಿ ಬೆಂದು, ಬಿಳಿಚಿಕೊಂಡು, ಸಿಪ್ಪೆ ತೆಗೆದ ಬಾದಾಮಿಯ ಹಾಗೆ ನುಣ್ಣಗಾಗಿದ್ದವು. ಫೋನು ಅವರ ಹೆಬ್ಬೆಟ್ಟನ್ನು ಗುರುತು ಹಿಡಿಯುತ್ತಿರಲಿಲ್ಲ. ರೇಷನ್ ಅಂಗಡಿಯ ಮಿಷನ್ನೂ ಹಿಡಿಯುತ್ತಿರಲಿಲ್ಲ, ಅಲ್ಲಿಗೆ ಅವರ ಹೆಂಡತಿಯೇ ಹೋಗಬೇಕಿತ್ತು. ಆದರೆ ಅದೇ ಬೆರಳನ್ನು ಹಳೆಯ ವಿಡಿಯೋ ಗೇಮ್ ಕ್ಯಾಸೆಟ್ಟಿನ ಲೇಬಲ್ ಮೇಲೆ ಒಂದು ಸಲ ಎಳೆದರೆ ಸಾಕು, ಅದು ಕಂಪನಿಯವರು ಅಂಟಿಸಿದ್ದೋ, ಯಾರೋ ಮೊನ್ನೆ ಪ್ರಿಂಟ್ ಹಾಕಿಸಿ ಅಂಟಿಸಿದ್ದೋ ಹೇಳಿಬಿಡುತ್ತಿದ್ದರು.

ಚನ್ನಪಟ್ಟಣದಲ್ಲಿ ಎಲ್ಲರೂ ಅವರನ್ನು ರೀಲರ್ ಅಂತಲೇ ಕರೆಯುತ್ತಿದ್ದರು. ಗೂಡು ಕೊಂಡು ನೂಲು ತೆಗೆಯುವ ಕೆಲಸ ಬಿಟ್ಟು, ಸ್ಟೇಷನ್ ರಸ್ತೆಯಲ್ಲಿ ಚಾರ್ಜರ್, ಮೊಬೈಲ್ ಕವರ್ ಮಾರುತ್ತಾ, ರಿಮೋಟು ಟಿವಿ ರಿಪೇರಿ ಮಾಡುತ್ತಾ ಕೂತ ಮೇಲೂ ಆ ಹೆಸರು ಹೋಗಲಿಲ್ಲ. ನಮ್ಮ ಬೀದಿಯವರೇ ಆಗಿದ್ದರಿಂದ ನನಗೆ ರೀಲರ್ ಮಾವ. ರಾಮನಗರದಲ್ಲಿ ಯಾರೋ ಗೇಮ್ ಪಾರ್ಲರ್ ಮುಚ್ಚುತ್ತಿದ್ದಾರೆ ಎಂದು ತಿಳಿದು ಮೇಜು ಕೊಳ್ಳಲು ಹೋದವರು, ಮೇಜು ಬಿಟ್ಟು ಒಂದು ಗೋಣಿಚೀಲ ಕ್ಯಾಸೆಟ್ಟು ಹೊತ್ತುಕೊಂಡು ಬಂದಿದ್ದರಂತೆ. ಅತ್ತೆ ಹದಿನೈದು ದಿನ ಮಾತು ಬಿಟ್ಟಿದ್ದರಂತೆ. ಹುಚ್ಚು ಹಿಡಿದದ್ದು ಅಲ್ಲಿಂದ.

ನಾನು ಅವರ ಬಳಿ ಮೊದಲು ಹೋದದ್ದು ನಮ್ಮ ಮನೆಯ ಅಟ್ಟದ ಮೇಲೆ ಸಿಕ್ಕಿದ ಟಿವಿ ಗೇಮ್ ಹಿಡಿದುಕೊಂಡು. ಆಗ ಬಿಕಾಂ ಮೊದಲ ವರ್ಷ. ಅಡಾಪ್ಟರಿನ ಪಿನ್ ಮುರಿದಿತ್ತು. ಪಿನ್ ಹಾಕುತ್ತಾ ಕೇಳಿದರು:

"ಮಾರೋದಾದ್ರೆ ಎಷ್ಟಕ್ಕೆ ಕೊಟ್ಟೀಯಮ್ಮಿ?"

ನಾನು ಹಿಂದಿನ ರಾತ್ರಿಯಷ್ಟೇ ಆನ್‌ಲೈನಿನಲ್ಲಿ ನೋಡಿಕೊಂಡಿದ್ದೆ. ಹೆಮ್ಮೆಯಿಂದ, "ಹದಿನೈದು ಸಾವಿರ ಐತೆ ಮಾವ ಇದಕ್ಕೆ" ಎಂದೆ.

"ಯಾರ್ ಕೊಟ್ರು?"

"ಹಾಕವ್ರೆ ಮಾವ, ಫೋಟೋ ಸಮೇತ."

"ಹಾಕವ್ರೆ. ಕೊಟ್ಟೋರ್ ಯಾರು ಅಂತ ನಾನ್ ಕೇಳಿದ್ದು." ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟರು. "ನಾಳೆ ನಾನೂ ಈ ಸ್ಟೂಲ್ನ ಲಕ್ಷ ರೂಪಾಯಿ ಅಂತ ಹಾಕ್ತೀನಿ. ಸ್ಟೂಲ್ ಲಕ್ಷದ್ದಾಯ್ತದಾ? ಗೂಡಿನ ಮಾರ್ಕೆಟ್ನಾಗೆ ಕೂಗಿದ್ದು ಬೆಲೆ ಅಲ್ಲ ಕಣಮ್ಮಿ, ತೂಗಿದ್ದು ಬೆಲೆ. ಕೂಗೋಕೆ ಬಾಯಿದ್ರೆ ಸಾಕು. ತೂಗ್ಬೇಕಾದ್ರೆ ಕೈ ಜೇಬಿಗೋಯ್ತದೆ."

ನಾನು ಕಲಿತ ಮೊದಲ ಪಾಠ ಅದು. ಮಾರಾಟಕ್ಕೆ ಇಟ್ಟ ಬೆಲೆ ನೋಡಬೇಡ, ಮಾರಾಟವಾದ ಬೆಲೆ ನೋಡು. ಆಮೇಲೆ ಒಂದೊಂದೇ ಕಲಿಸಿದರು. ಒಂದು ಮಾರಾಟ ನೋಡಿ ನಂಬಬೇಡ, ಐದು ನೋಡು. ಐದರಲ್ಲಿ ಎಲ್ಲಕ್ಕಿಂತ ಮೇಲಿನದನ್ನೂ ಎಲ್ಲಕ್ಕಿಂತ ಕೆಳಗಿನದನ್ನೂ ತೆಗೆದುಬಿಡು. "ಮೇಲಿಂದು ಆಸೆಬುರುಕಂದು, ಕೆಳಗಿಂದು ಗತಿ ಇಲ್ದೋನ್ದು. ನಡುವೆ ಉಳೀತದಲ್ಲ, ಅದು ನಮ್ ನಿಮ್ಮಂತೋರ್ದು." ಡಬ್ಬಿ ಇರುವುದನ್ನೂ ಡಬ್ಬಿ ಇಲ್ಲದ್ದನ್ನೂ ಒಂದೇ ತಕ್ಕಡಿಗೆ ಹಾಕಬೇಡ. ಒಳಗಿನ ಬೋರ್ಡಿನ ಫೋಟೋ ಕೊಡದವನ ಹತ್ತಿರ ಮಾತೇ ಆಡಬೇಡ. ವರ್ಷದ ಹಿಂದಿನ ಬೆಲೆ ಇವತ್ತಿನ ಬೆಲೆಯಲ್ಲ. ಕ್ಯಾಸೆಟ್ಟು ಕೈಗೆ ಬಂದರೆ, ಮಾರ್ಕೆಟ್ಟಿನಲ್ಲಿ ಗೂಡನ್ನು ಅಲ್ಲಾಡಿಸಿ ನೋಡುತ್ತಿದ್ದ ಹಾಗೆ, ಅದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಏನಾದರೂ ಕಟಗುಟ್ಟಿದರೆ ಮುಖ ಕಿವುಚುತ್ತಿದ್ದರು.

ಯಾವ ಕ್ಲಾಸಿನಲ್ಲೂ ನಾನು ಇಷ್ಟು ಗಮನ ಕೊಟ್ಟು ಕೂತವಳಲ್ಲ. ಕಾಲೇಜಿನಲ್ಲಿ ಬೆಲೆ ನಿರ್ಧಾರದ ಮೇಲೆ ಇಡೀ ಒಂದು ಚಾಪ್ಟರ್ ಇತ್ತು. ಅದು ಅರ್ಥವಾದದ್ದು ಮಾವನ ಅಂಗಡಿಯ ಸ್ಟೂಲಿನ ಮೇಲೆ.

ಅವರ ಮೇಲೆ ನಂಬಿಕೆ ಕೂತದ್ದು ಮಾತ್ರ ಪಾಠದಿಂದಲ್ಲ. ಒಂದು ದಿನ ಮರದ ಗೊಂಬೆ ಕಡೆಯುವ ತಾತ ಒಬ್ಬರು ಕೈಯಲ್ಲಿ ಹಿಡಿದು ಆಡುವ ಹಳೆಯ ಗೇಮ್ ಒಂದನ್ನು ತಂದರು. ಅರಗಿನ ಬಣ್ಣ ಉಗುರಿನ ಸಂದಿಯಲ್ಲಿ ಹಾಗೇ ಇತ್ತು. ಮುನ್ನೂರು ಸಿಕ್ಕರೆ ಸಾಕು ಎಂದರು. ಮಾವ ಅದನ್ನು ತಿರುಗಿಸಿ, ಹಿಂದಿನ ಸ್ಕ್ರೂ ಬಿಚ್ಚಿ, ಮುಚ್ಚಿ, ಸಾವಿರದ ಇನ್ನೂರು ಎಣಿಸಿ ಕೈಯಲ್ಲಿಟ್ಟರು. ತಾತನಿಗೆ ಅನುಮಾನವೇ ಬಂತು.

"ಏನ್ಲಾ, ಕಳ್ಳಮಾಲಾ ಇದು? ಇಷ್ಟ್ಯಾಕ್ ಕೊಟ್ಟೀಯಾ?"

"ಅಷ್ಟು ಬಾಳ್ತದೆ, ಮಡಿಕ್ಕೋ ಹೋಗು."

ಅವರು ಹೋದ ಮೇಲೆ ನಾನು, ಮುನ್ನೂರಕ್ಕೇ ಬರುತ್ತಿತ್ತಲ್ಲ ಮಾವ ಎಂದೆ. ನನ್ನ ಮುಖ ನೋಡದೆ ಹೇಳಿದರು: "ಗೊತ್ತಿಲ್ದೋರ್ ತಾವ ಕಮ್ಮಿಗ್ ಈಸ್ಕೊಂಡ್ರೆ ಅದು ಯಾಪಾರ ಅಲ್ಲ ಕಣಮ್ಮಿ, ಜೇಬ್ ಕತ್ರಿಸೋದು."

ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ಹೇಳಲು ನಾಲಿಗೆ ಬರುವುದಿಲ್ಲ.

ನಮ್ಮ ಕಡೆಯ ಹಳೆ ಗೇಮ್ ಹುಚ್ಚಿನವರದು ಒಂದು ಆನ್‌ಲೈನ್ ಗ್ರೂಪ್ ಇದೆ. ಕನಕಪುರ, ಮಾಗಡಿ, ಬೆಂಗಳೂರು, ದೂರದ ಒಂದಷ್ಟು ಜನ. ಮಾರಿದವರು "ಸೋಲ್ಡ್" ಎಂದು ಬೆಲೆ ಹಾಕುವುದು ಅಲ್ಲಿನ ಪದ್ಧತಿ. ನಾನು ಆ ಬೆಲೆಗಳನ್ನೆಲ್ಲ ಕೂಡಿಹಾಕಿ, ಮಾವನ ಲೆಕ್ಕದಲ್ಲೇ ಮೇಲಿನದು ಕೆಳಗಿನದು ತೆಗೆದು, ಪ್ರತಿ ತಿಂಗಳು ಒಂದು ಲಿಸ್ಟ್ ಹಾಕತೊಡಗಿದೆ. ನಾನು ಯಾವತ್ತೂ ಒಂದು ಕ್ಯಾಸೆಟ್ಟನ್ನೂ ಮಾರಿದವಳಲ್ಲ, ಅದಕ್ಕೇ ಜನ ನಂಬಿದರು. ಆರು ತಿಂಗಳಲ್ಲಿ "ಲಿಸ್ಟಲ್ಲಿ ಎಷ್ಟಿದೆ?" ಎನ್ನದೆ ಅಲ್ಲಿ ಯಾರೂ ವ್ಯಾಪಾರ ಮುಗಿಸುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ನನಗೆ ಅಂಕಪಟ್ಟಿಗಿಂತ ಆ ಲಿಸ್ಟೇ ದೊಡ್ಡದಾಗಿತ್ತು.

ಅದರಲ್ಲಿ ಒಂದು ನೀಲಿ ಕ್ಯಾಸೆಟ್ಟು ಇತ್ತು. ವಿಮಾನದ ಆಟ, ಜಪಾನಿನಲ್ಲೇ ಮಾಡಿದ ಅಸಲಿ ಮಾಲು. ಎಂಟುನೂರರ ಆಸುಪಾಸಿನಲ್ಲಿ ಹೋಗುತ್ತಿದ್ದದ್ದು, ಎರಡು ತಿಂಗಳಲ್ಲಿ ಐದು ಮಾರಾಟವಾಗಿ ಎರಡೂವರೆ ಸಾವಿರಕ್ಕೆ ಏರಿ ಕೂತಿತು. ಮಾರಿದವರು ಬೇರೆ ಬೇರೆ, ಕೊಂಡವರೂ ಬೇರೆ ಬೇರೆ. ಲಿಸ್ಟಿಗೆ ಹಾಕುವ ಮುಂಚೆ ಯಾಕೋ ಅಳುಕಿ ಮಾವನನ್ನು ಕೇಳಿದೆ.

"ಐದು ನೋಡ್ದಾ?" ಎಂದರು.

"ನೋಡ್ದೆ."

"ಮೇಲಿಂದು ಕೆಳಗಿಂದು ಬುಟ್ಟಾ?"

"ಬುಟ್ಟೆ."

"ಇನ್ನೇನ್ ಕೇಳ್ತೀಯಾ. ಹಾಕು."

ಹಾಕಿದೆ.

ಅದನ್ನು ನೋಡಿ ನನಗೆ ಫೋನ್ ಮಾಡಿದವರು ಸಾತನೂರಿನ ಕಂಡಕ್ಟರಣ್ಣ. ಬಸ್ಸಿನ ಕೆಲಸ, ಗ್ರೂಪಿನಲ್ಲಿ ನನಗೆ ಮೊದಲು ಪರಿಚಯವಾದವರು. ಅವರು ಹೈಸ್ಕೂಲಿನಲ್ಲಿದ್ದಾಗ ಕನಕಪುರದ ಒಂದು ಅಂಗಡಿಯಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಇದೇ ವಿಮಾನದ ಆಟ ಆಡುತ್ತಿದ್ದರಂತೆ. ಮೂರನೇ ಹಂತ ಮುಗಿಯುವ ಮುಂಚೆಯೇ ಗಂಟೆ ಮುಗಿಯುತ್ತಿತ್ತಂತೆ. ಅದಕ್ಕೆ ಆ ನೀಲಿ ಕ್ಯಾಸೆಟ್ಟಿನ ಮೇಲೆ ಅಷ್ಟು ಆಸೆ. ಗ್ರೂಪಿನಲ್ಲಿ ಒಬ್ಬ, ದುಡ್ಡು ಬೇಡ, ನಿಮ್ಮ ಏಳು ಕ್ಯಾಸೆಟ್ಟು ಕೊರಿಯರಿನಲ್ಲಿ ಕಳಿಸಿದರೆ ನೀಲಿಯದು ಕಳಿಸುತ್ತೇನೆ ಎಂದಿದ್ದನಂತೆ. ಏಳು ಎಂದರೆ ಅವರ ಹತ್ತಿರ ಇದ್ದದ್ದೇ ಏಳು, ಸಂಬಳ ಬಂದಾಗೊಂದು ಎಂದು ಕೂಡಿಸಿದ್ದವು. ಏಳರ ಫೋಟೋವನ್ನೂ ನನಗೆ ಕಳಿಸಿದರು. ಒಂದರ ಮೂಲೆ ಕರಗಿ ಸೊಟ್ಟಗಾಗಿತ್ತು.

"ಅವ್ವ ಸೊಳ್ಳೆಬತ್ತಿ ಮಡಗ್ಬುಟ್ಟಿದ್ಲು ಅದರ್ ಮ್ಯಾಲೆ" ಎಂದು ನಕ್ಕರು. "ಅದುನ್ನ ಹತ್ತು ಸಲ ಊದಿ ಊದಿ ಸಿಗಿಸಿದ್ರೆ ಒಂದ್ ಸಲ ಓಡ್ತದೆ. ಎಲ್ಲಾ ಹೇಳೀವ್ನಿ ಆಯಪ್ಪನಿಗೆ. ಲಿಸ್ಟಲ್ಲಿ ಹಾಕಿರೋದು ಸರಿ ತಾನೇನವ್ವ? ಏಳುನ್ನೂ ಕೊಟ್ಬುಡ್ಲಾ?"

ನಾನು ಕೂಡಿ ನೋಡಿದೆ. ಏಳರ ಬೆಲೆ ನೀಲಿ ಕ್ಯಾಸೆಟ್ಟಿನ ಹೊಸ ಬೆಲೆಗೆ ಸರಿಯಾಗಿ ಬಂತು.

"ಕಣ್ಮುಚ್ಕೊಂಡು ಕೊಡಿ ಅಣ್ಣ" ಎಂದೆ.

ತಿಂಗಳಾಗಿರಬಹುದು. ಮಾವನ ಅಂಗಡಿಯಲ್ಲಿ ಕೂತಿದ್ದೆ. ಅವರು ಟೀ ತರಲು ಹೊರಟವರು, ಸಣ್ಣ ಸ್ಕ್ರೂಡ್ರೈವರ್ ತೆಗೆದಿಡು ಎಂದು ಹೇಳಿ ಹೋದರು. ಮೇಲಿನ ಡ್ರಾದಲ್ಲಿ ಸಿಗಲಿಲ್ಲ. ಕೆಳಗಿನದನ್ನು ಎಳೆದೆ. ಏಳು ಕ್ಯಾಸೆಟ್ಟು ಸಾಲಾಗಿ ಇದ್ದವು. ಒಂದರ ಮೂಲೆ ಕರಗಿ ಸೊಟ್ಟಗಾಗಿತ್ತು. ಅವುಗಳ ಹಿಂದೆ, ನೂಲು ತುಂಬುವ ಬಟ್ಟೆ ಚೀಲದಲ್ಲಿ, ನೀಲಿ ಕ್ಯಾಸೆಟ್ಟುಗಳು. ಹನ್ನೊಂದು.

ಮಾವ ಎರಡು ಲೋಟ ಹಿಡಿದುಕೊಂಡು ಬಂದರು. ತೆರೆದ ಡ್ರಾ ನೋಡಿದರು. ಒಂದು ಲೋಟ ನನ್ನ ಮುಂದೆ ಇಟ್ಟರು.

"ಯಾರ್ದು ಮಾವ ಇವು?"

"ಗೊತ್ತಿದ್ದೂ ಯಾಕ್ ಕೇಳ್ತೀಯಮ್ಮಿ."

"ಆ ಐದು ಮಾರಾಟ?"

"ನಾಕು ನಂದೇಯ. ಹಳೇ ಸಿಮ್ ಬಿದ್ದಿದ್ವು, ಒಂದೊಂದಕ್ಕೂ ಒಂದೊಂದ್ ಹೆಸ್ರು ಮಾಡ್ದೆ. ಒಂದು ಮಾತ್ರ ನಿಜ್ವಾಗ್ಲೂ ಹೋಯ್ತು. ಅದುನ್ನ ನೋಡಿ ನಂಗೇ ಗಾಬ್ರಿ ಆಯ್ತು."

"ನೀವೇ ಮಾರಿ ನೀವೇ ಈಸ್ಕೊಂಡ್ರಾ?"

"ಸಂತೇಲಿ ದನದ ಬೆಲೆ ಏರ್ಸೋಕೆ ನಮ್ಮೋನ್ ಒಬ್ಬನ್ನ ನಿಲ್ಲಿಸ್ಕೊಳಲ್ವಾ? ಅಂಗೇಯ."

"ನನ್ ಲಿಸ್ಟ್ ಯಾಕ್ ಬೇಕಿತ್ತು ಮಾವ?"

ಲೋಟದ ಅಂಚು ಒರೆಸಿಕೊಂಡು, "ಟೀ ಆರೋಯ್ತದೆ, ಕುಡಿ" ಎಂದರು. ಕಂಡಕ್ಟರಣ್ಣನ ಏಳನ್ನು ವಾಪಸ್ ಕೊಡಿ ಎಂದೆ. "ಅವ್ನು ಒಪ್ಪಿ ಕೊಟ್ಟವ್ನೆ. ನಾನೇನ್ ಕಿತ್ಕೊಂಡ್ನಾ?" ಎಂದರು. ದನಿ ಏರಿಸಲೂ ಇಲ್ಲ. ಟೀ ಹಾಗೇ ಬಿಟ್ಟು ಎದ್ದು ಬಂದೆ.

ಅವತ್ತೇ ಕಂಡಕ್ಟರಣ್ಣನಿಗೆ ಫೋನ್ ಮಾಡಿ, ನೀಲಿಯ ಬೆಲೆ ಸುಳ್ಳು, ಯಾರೋ ಬೇಕೆಂದೇ ಏರಿಸಿದ್ದಾರೆ ಎಂದು ಹೇಳಿದೆ. ಹಿಂದೆ ಬಸ್ಸಿನ ಸದ್ದು ಕೇಳುತ್ತಿತ್ತು. ಅವರು ಕೇಳಿದ್ದು ಒಂದೇ:

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಇಲ್ಲ ಅಣ್ಣ."

"ಹೂಂ" ಎಂದರು. ಆ "ಹೂಂ" ನಂಬಿದ್ದೋ ನಂಬದ್ದೋ ನನಗೆ ತಿಳಿಯಲಿಲ್ಲ.

ಗ್ರೂಪಿನಲ್ಲೂ ಬರೆದೆ. ಲಿಸ್ಟಿನಲ್ಲಿ ತಪ್ಪಾಗಿದೆ, ನೀಲಿಯ ಮಾರಾಟಗಳು ನಿಜವಲ್ಲ, ಇನ್ನು ಲಿಸ್ಟ್ ಹಾಕುವುದಿಲ್ಲ ಎಂದು. ಮಾಡಿದವರ ಹೆಸರು ಬರೆಯಲು ಹೋಗಿ ಮೂರು ಸಲ ಅಳಿಸಿದೆ. ಕೊನೆಗೆ ಬರೆಯಲೇ ಇಲ್ಲ. ನನಗೆ ಮೋಸ ಮಾಡಿದವರನ್ನು ನಾನೇ ಕಾಪಾಡುತ್ತಿದ್ದೇನೆ ಎಂದು ಗೊತ್ತಿತ್ತು, ಆದರೂ ಕೈ ಬರಲಿಲ್ಲ. ಹೆಸರಿಲ್ಲದ ಕಡೆ ಜನ ನನ್ನ ಹೆಸರನ್ನೇ ಕೂರಿಸಿದರು. "ನಿಮ್ಗೆಷ್ಟು ಸಿಕ್ತು ಸಿಸ್ಟರ್?" ಎಂದು ಒಬ್ಬ ಕೇಳಿದ. ನಲವತ್ತು ಜನ ಅದಕ್ಕೆ ನಗುವ ಮುಖ ಒತ್ತಿದರು.

ಆಮೇಲೆ ನಾನು ಸ್ಟೇಷನ್ ರಸ್ತೆ ಬಿಟ್ಟು ಸುತ್ತಿ ಬಳಸಿ ಕಾಲೇಜಿಗೆ ಹೋಗತೊಡಗಿದೆ. ಬೀದಿಯಲ್ಲಿ ಎದುರಾದರೆ ಅವರು "ಏನಮ್ಮಿ" ಎನ್ನುತ್ತಿದ್ದರು, ಏನೂ ಆಗದವರ ಹಾಗೆ. ನಾನು ಮೊಬೈಲ್ ನೋಡುತ್ತಾ ದಾಟಿಬಿಡುತ್ತಿದ್ದೆ. ಮನೆಯಲ್ಲಿ ಹಳೆಯ ಪಾಠಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡುತ್ತಿದ್ದೆ, ಯಾವುದರಲ್ಲಾದರೂ ಸುಳ್ಳಿದೆಯಾ ಎಂದು. ಸಿಗಲಿಲ್ಲ. ಅದೇ ಹೆಚ್ಚು ನೋಯುತ್ತಿತ್ತು. ಪೂರ್ತಿ ಕಳ್ಳರಾಗಿದ್ದರೆ ಮರೆಯುವುದು ಸುಲಭವಿತ್ತು. ಆ ಗೊಂಬೆ ತಾತನ ಸಾವಿರದ ಇನ್ನೂರು ಕೂಡ ನನ್ನ ಕಣ್ಣೆದುರು ಆಡಿದ ನಾಟಕವೇ ಇರಬಹುದಾ ಎಂದು ಒಂದು ದಿನ ತಾತನ ಹತ್ತಿರವೇ ಹೋಗಿ ವಿಚಾರಿಸಿದೆ. ನಾಟಕವಾಗಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಒಂದು ಬೆಳಿಗ್ಗೆ ಮಾವ ಬಚ್ಚಲುಮನೆಯಲ್ಲಿ ಕುಸಿದು ಬಿದ್ದರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ನಾನು ಮಣ್ಣಿಗೆ ಹೋಗಿ ದೂರ ನಿಂತು ಬಂದೆ. ಅಳು ಬರಲಿಲ್ಲ. ಬೈಯಬೇಕಾದವರು ಬೈಸಿಕೊಳ್ಳದೆ ಹೋದರಲ್ಲ ಎನ್ನುವ ಸಿಟ್ಟೇ ಇತ್ತು.

ತಿಥಿ ಕಳೆದ ಮೇಲೆ ಅತ್ತೆ ಹೇಳಿ ಕಳಿಸಿದರು. ಅಂಗಡಿಯ ಮಾಲೆಲ್ಲ ನಡುಮನೆಯಲ್ಲಿ ಹರಡಿತ್ತು.

"ಯಾವನೋ ಬಂದು ಮೂಟೆ ಲೆಕ್ಕಕ್ಕೆ ಕೊಡಿ ಅಂದ. ನಂಗೇನ್ ಗೊತ್ತಾಯ್ತದೆ ಮಗಾ. ನೀನೇ ಒಂದೊಂದಕ್ಕೂ ಬೆಲೆ ಬರ್ಕೊಡು" ಎಂದರು. "ನಿಮ್ ಮಾವನೇ ಹೇಳಿದ್ರು. ನಂಗೇನಾರಾ ಆದ್ರೆ ಆ ಹುಡ್ಗೀನ ಕರ್ಸು, ಅವ್ಳಿಗೆ ಸುಳ್ ಬೆಲೆ ಹೇಳಾಕೆ ಬರಾಕಿಲ್ಲ ಅಂತ."

ಡ್ರಾ ತೆರೆದ ದಿನ ನಾನು ಕೇಳಿದ್ದಕ್ಕೆ ಉತ್ತರ ಸಿಕ್ಕಿತು. ನನ್ನ ಲಿಸ್ಟೇ ಯಾಕೆ ಬೇಕಿತ್ತೆಂದರೆ, ಇದಕ್ಕೇ. ನನ್ನ ಬಗ್ಗೆ ಇದಕ್ಕಿಂತ ದೊಡ್ಡ ಮಾತು ಯಾರೂ ಆಡಿಲ್ಲ, ಇದಕ್ಕಿಂತ ಕೆಟ್ಟದಾಗಿ ಯಾರೂ ನನ್ನನ್ನು ಬಳಸಿಕೊಂಡೂ ಇಲ್ಲ.

ಕೂತು ಬರೆದೆ. ಒಂದೊಂದರ ಲೇಬಲ್ ತಡವಿ, ಬಿಚ್ಚಿ, ಕಿವಿಯ ಹತ್ತಿರ ಅಲ್ಲಾಡಿಸಿ. ನೀಲಿಗೆ ಎಂಟುನೂರು ಎಂದು ಬರೆದಾಗ ಅತ್ತೆ, "ಅಷ್ಟೇನಾ? ಎರಡೂವರೆ ಸಾವ್ರ ಅಂತಿದ್ರಲ್ಲ" ಎಂದರು. "ಅಷ್ಟೇ ಅತ್ತೆ" ಎಂದೆ. ಕಂಡಕ್ಟರಣ್ಣನ ಏಳನ್ನು ಬೇರೆ ಎತ್ತಿಟ್ಟೆ.

"ಅವು?"

"ಬೇರೆಯವ್ರದು ಅತ್ತೆ."

"ರಿಪೇರಿಗ್ ಕೊಟ್ಟಿದ್ರಾ?"

ಆ ಮನೆಯಲ್ಲಿ ಅಲ್ಲಿಯವರೆಗೆ ನಾನು ಒಂದು ಸುಳ್ಳೂ ಹೇಳಿರಲಿಲ್ಲ. "ಹೂಂ ಅತ್ತೆ, ರಿಪೇರಿಗೆ" ಎಂದೆ.

ಮಾರನೇ ದಿನ ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಏಳನ್ನೂ ಕಂಡಕ್ಟರಣ್ಣನ ಕೈಗೆ ಕೊಟ್ಟೆ. ಅವರು ಟಿಕೆಟ್ ಚೀಲದಿಂದ ನೀಲಿಯದನ್ನು ತೆಗೆದು ನನಗೆ ಕೊಟ್ಟರು. ಯಾರ ಹತ್ತಿರ ಇದ್ದವು ಎಂದು ಕೇಳಲು ಪುರುಸೊತ್ತಿರಲಿಲ್ಲ. ಬಸ್ಸಿಗೆ ಟೈಮಾಗಿತ್ತು. ನೀಲಿಯನ್ನು ಅತ್ತೆಗೆ ಮುಟ್ಟಿಸಿದೆ.

ಎರಡು ದಿನದ ಮೇಲೆ ಕಂಡಕ್ಟರಣ್ಣನದೇ ಫೋನ್ ಬಂತು. ದನಿಯಲ್ಲಿ ಹಳೆಯ ಸಲಿಗೆ ಇತ್ತು.

"ಅವ್ವಾ, ಸೊಳ್ಳೆಬತ್ತಿ ಸುಟ್ಟಿತ್ತಲ್ಲ, ಆ ಕ್ಯಾಸೆಟ್ಟು. ಊದಂಗೇ ಇಲ್ಲ, ಸಿಗಿಸ್ತಿದ್ದಂಗೇ ಓಡ್ತದೆ. ಬಿಚ್ಚಿ ನೋಡ್ದೆ. ಒಳಗೆ ಪಿನ್ನೆಲ್ಲಾ ಉಜ್ಜಿ, ಒಂದ್ ತಂತಿ ಹೊಸ್ದಾಗಿ ಬೆಸ್ದವ್ರೆ. ಎಷ್ಟ್ ನೀಟಾಗ್ ಮಾಡವ್ರೆ ಅಂದ್ರೆ ಗೊತ್ತೇ ಆಗಾಕಿಲ್ಲ. ಯಾರವ್ವಾ ಅದು ಮಾಡಿದ್ದು?"

ಅಂಗಡಿಯ ಸ್ಟೂಲಿನ ಮೇಲೆ ಕೂತು, ಬೇರೆಯವರಿಂದ ಹೊಡೆದುಕೊಂಡ ಮಾಲನ್ನು ಬಿಚ್ಚಿ, ಕೆಟ್ಟದ್ದನ್ನು ನೋಡಿ ಸುಮ್ಮನಿರಲಾರದೆ ಸರಿಮಾಡುತ್ತಿದ್ದ ಆ ಬೆಂದ ಬೆರಳುಗಳು ಕಣ್ಣಿಗೆ ಬಂದವು. ಇಷ್ಟು ದಿನ ಬಾಯಿಗೆ ಬಾರದ ಮಾತು ಬಂದದ್ದು ಆಗ.

"ನಂಗೆ ಬೆಲೆ ನೋಡೋದು ಕಲ್ಸಿದ ಮಾವ, ಅಣ್ಣ" ಎಂದೆ. "ನಿಮ್ ಹತ್ರ ಹೊಡ್ಕೊಂಡೋರೂ ಅವ್ರೇಯ."